ನಾನು ಅಳಿಸಿದ ಒಂದು ಪ್ರಶ್ನೆ

(ದಿಲ್‌ಸುಖ್‌ನಗರದಲ್ಲಿ ಆಗಸ್ಟ್ 2025ರಲ್ಲಿ ನಡೆದ ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತು. ಇ-ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟದ್ದು.)

ಅಧ್ಯಕ್ಷೆಯವರೇ, ಕಾರ್ಯದರ್ಶಿಯವರೇ, ಹಿರಿಯರೇ, ಗೆಳತಿಯರೇ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಫೋನ್ ನೋಡುತ್ತಿರುವ ಮಕ್ಕಳೇ. ವರಮಹಾಲಕ್ಷ್ಮಿ ಹಬ್ಬದ ಸುಸ್ತು ಇನ್ನೂ ಯಾರಿಗೂ ಇಳಿದಿಲ್ಲ ಅಂತ ನನಗೆ ಗೊತ್ತು. ಮಾತು ಮುಗಿದ ಮೇಲೆ ಕೋಸಂಬರಿ, ಸಜ್ಜಪ್ಪ ಇದೆ ಅಂತಲೂ ನಿಮಗೆ ಗೊತ್ತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸ್ವಾತಂತ್ರ್ಯೋತ್ಸವದ ತಿಂಗಳು, 'ದೇಶಭಕ್ತಿ ಮತ್ತು ಮಹಿಳೆ' ಅಂತ ಮಾತಾಡಿ ಎಂದರು. ಇದಕ್ಕೆ ಬೇಕಾದ ಭಾಷಣ ನನ್ನ ಹತ್ತಿರ ಸಿದ್ಧವಾಗಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಕಿತ್ತೂರು ಚೆನ್ನಮ್ಮ, ಅಬ್ಬಕ್ಕ, ಓಬವ್ವ ಎಲ್ಲರೂ ಬಾಯಿಪಾಠ. ಆದರೆ ಮೇ ತಿಂಗಳಿಂದ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದನ್ನು ಹೇಳದೆ ಓಬವ್ವನ ಕಥೆ ಹೇಳಿದರೆ ನನಗೇ ನಾಚಿಕೆಯಾಗುತ್ತದೆ.

ಮೇ 7ರಂದು ಏನಾಯಿತು ನಿಮಗೆಲ್ಲ ನೆನಪಿದೆ. ಬೆಳಿಗ್ಗೆ ಎದ್ದಾಗ ಆಪರೇಷನ್ ಸಿಂಧೂರ ಸುದ್ದಿ. ಅದೇ ದಿನ ಸಂಜೆ ನಾಲ್ಕಕ್ಕೆ ನಮ್ಮ ಊರಿನಲ್ಲಿ ಅಣಕು ಕವಾಯತು: ಸಿಕಂದರಾಬಾದ್ ದಂಡು ಪ್ರದೇಶ, ಗೋಲ್ಕೊಂಡ, ಕಾಂಚನ್‌ಬಾಗ್, ಮೌಲಾಲಿ. ಕಾಂಚನ್‌ಬಾಗ್ ನಮಗೆ ಪಕ್ಕದ್ದೇ. ಸೈರನ್ ಎಂದ ಕೂಡಲೇ ನನಗೆ 1971ರ ರಾಯಚೂರು ನೆನಪಾಯಿತು. ಅಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಕೂತು, ಮಾತಾಡಿದರೆ 'ಶ್' ಅನ್ನುತ್ತಿದ್ದದ್ದು.

ಆ ದಿನಗಳಲ್ಲಿ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ತ್ರಿವರ್ಣ ಧ್ವಜಗಳ ಮಳೆ. ಅದರ ನಡುವೆ ನಮ್ಮ ಒಬ್ಬ ಕಿರಿಯ ಸದಸ್ಯೆ ನಾಲ್ಕು ಸಾಲು ಬರೆದಳು. ಸೇನೆಗೆ ನಮಸ್ಕಾರ ಹೇಳಿಯೇ ಬರೆದಳು. ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಅಷ್ಟು ಜನ ಪ್ರವಾಸಿಗರು ಇದ್ದಾಗ ಕಾವಲಿಗೆ ಯಾಕೆ ಯಾರೂ ಇರಲಿಲ್ಲ, ಇದಕ್ಕೆ ಯಾರು ಉತ್ತರ ಕೊಡುತ್ತಾರೆ, ಎಂಬುದಷ್ಟೇ ಅವಳ ಪ್ರಶ್ನೆ. ಅರ್ಧ ಗಂಟೆಯಲ್ಲಿ ನಲವತ್ತಕ್ಕೂ ಹೆಚ್ಚು ಉತ್ತರ ಬಂದವು. 'ಇದು ಸಮಯವಲ್ಲ', 'ಶತ್ರುವಿಗೆ ಸಹಾಯ ಮಾಡಬೇಡಿ', 'ನಮ್ಮ ಗುಂಪಿನಲ್ಲಿ ಇಂಥವರೂ ಇದ್ದಾರಾ'. ಒಬ್ಬರು ಅವಳ ಮದುವೆ, ಅತ್ತೆ ಮನೆ ತನಕ ಹೋದರು.

ಗುಂಪಿನ ಅಡ್ಮಿನ್ ನಾನು. ನಾನೇನು ಮಾಡಿದೆ? ಅವಳ ಮಾತು ಅಳಿಸಿದೆ. 'ನಮ್ಮದು ಸಾಂಸ್ಕೃತಿಕ ಗುಂಪು, ರಾಜಕೀಯ ಬೇಡ' ಅಂತ ಬರೆದು ಕೈಮುಗಿಯುವ ಚಿತ್ರ ಹಾಕಿದೆ. ಅವಳನ್ನು ಬೈದವರ ಮಾತು ಹಾಗೇ ಉಳಿದವು. ಅದು ನನ್ನ ಕಣ್ಣಿಗೆ ಬಿದ್ದದ್ದು ಎರಡು ದಿನ ಬಿಟ್ಟು.

ಇದು ನನ್ನನ್ನು ಯಾಕೆ ಇಷ್ಟು ಕಾಡಿತು ಅಂದರೆ, 2013ರಲ್ಲಿ ಅದೇ ಪ್ರಶ್ನೆಯನ್ನು ಕೇಳಿ ಬಾಯಿ ಮುಚ್ಚಿಸಿಕೊಂಡವಳು ನಾನು.

ಈಗಿನ ಮಕ್ಕಳಿಗೆ ದಿಲ್‌ಸುಖ್‌ನಗರ ಅಂದರೆ ಮೆಟ್ರೋ, ಕೋಚಿಂಗ್ ಸೆಂಟರ್, ಹಾಸ್ಟೆಲ್, ಬಟ್ಟೆ ಅಂಗಡಿ. ನಮಗೆ ಅದು ಇನ್ನೂ ಒಂದು ಗುರುವಾರ. 2013ರ ಫೆಬ್ರವರಿ 21. ಸಾಯಿಬಾಬಾ ಗುಡಿಗೆ ಗುರುವಾರ ಎಷ್ಟು ಜನ ಅಂತ ನಿಮಗೆ ಗೊತ್ತಿದೆ. ನಾನು ದೀಪ ಹಚ್ಚುತ್ತಿದ್ದೆ. ಏಳು ಗಂಟೆಯ ಸುಮಾರಿಗೆ ಒಂದು ಸದ್ದು. ಟ್ರಾನ್ಸ್‌ಫಾರ್ಮರ್ ಹೋಯಿತು, ಇನ್ನು ಕರೆಂಟ್ ಬರುವುದು ಬೆಳಿಗ್ಗೆಯೇ ಅಂದುಕೊಂಡೆ. ಕೆಲವೇ ನಿಮಿಷದಲ್ಲಿ ಇನ್ನೊಂದು. ಕರೆಂಟ್ ಹೋಗಲಿಲ್ಲ. ಆಗ ಕೈಕಾಲು ತಣ್ಣಗಾಯಿತು.

ನನ್ನ ಕಿರಿಮಗ ಇಂಟರ್ ಓದುತ್ತಿದ್ದ. ಟ್ಯೂಷನ್ ಮುಗಿಸಿ ಆ ಹೊತ್ತಿಗೆ ಅದೇ 107 ನಂಬರಿನ ಬಸ್ ಸ್ಟಾಪಿನಲ್ಲಿ ಗೆಳೆಯರ ಜೊತೆ ನಿಂತಿರುತ್ತಿದ್ದ. ಫೋನ್ ಮಾಡಿದರೆ ಸಿಗದು. ಯಾರ ಫೋನೂ ಯಾರಿಗೂ ಸಿಗದು. ಎರಡು ಗಂಟೆ ಕಾಲ ಗೇಟಿನ ಹತ್ತಿರ ನಿಂತೆ. ಒಂಬತ್ತೂ ಕಾಲಿಗೆ ಬಂದ. ಅಂಗಿ ತುಂಬ ರಕ್ತ. ಅವನದಲ್ಲ. ಯಾರನ್ನೋ ಎತ್ತಿ ಆಟೋಕ್ಕೆ ಹಾಕಿದ್ದನಂತೆ, ಅವರು ಬದುಕಿದರೋ ಇಲ್ಲವೋ ಗೊತ್ತಿಲ್ಲವಂತೆ. ಆ ಅಂಗಿಯನ್ನು ಮೂರು ಸಲ ತೊಳೆದೆ. ಆಮೇಲೆ ಎಸೆದೆ. ಅವನು ಆ ರಾತ್ರಿಯ ಬಗ್ಗೆ ಇವತ್ತಿಗೂ ಮಾತಾಡುವುದಿಲ್ಲ.

ಎರಡು ಬಾಂಬ್, ಎರಡೂ ಸೈಕಲ್ಲಿಗೆ ಕಟ್ಟಿದ್ದು. ಒಂದು ಬಸ್ ಸ್ಟಾಪಿನ ಹತ್ತಿರ, ಇನ್ನೊಂದು ಎ1 ಮಿರ್ಚಿ ಸೆಂಟರಿನ ಹತ್ತಿರ. ತನಿಖೆಯ ಲೆಕ್ಕದಲ್ಲಿ ಸತ್ತವರು 18, ಅದರಲ್ಲಿ ಒಂದು ಇನ್ನೂ ಹುಟ್ಟದ ಕೂಸು. ಗಾಯಗೊಂಡವರು 131. ಬಜ್ಜಿ ತಿನ್ನಲು ನಿಂತವರು, ಬಸ್ಸಿಗೆ ಕಾದವರು, ಪರೀಕ್ಷೆಗೆ ಓದಲೆಂದು ಜಿಲ್ಲೆಗಳಿಂದ ಬಂದ ಹುಡುಗರು.

ಈಗ ಮುಖ್ಯ ವಿಷಯ. ಆ ರಾತ್ರಿಯೇ ಕೇಂದ್ರ ಗೃಹ ಸಚಿವರಾಗಿದ್ದ ಸುಶೀಲ್ ಕುಮಾರ್ ಶಿಂದೆ ಟಿವಿಯಲ್ಲಿ ಹೇಳಿದರು: ಎರಡು ದಿನ ಮೊದಲೇ ರಾಜ್ಯಗಳಿಗೆ ಎಚ್ಚರಿಕೆ ಕಳಿಸಿದ್ದೆವು. ಇಲ್ಲಿನ ಮುಖ್ಯಮಂತ್ರಿ ಕಿರಣ್ ಕುಮಾರ್ ರೆಡ್ಡಿ ಹೇಳಿದರು: ಅದು ಎಂದಿನಂತೆ ಬರುವ ಸಾಮಾನ್ಯ ಎಚ್ಚರಿಕೆ, ಊರು ಕೇರಿ ಹೇಳಿರಲಿಲ್ಲ. ಇಬ್ಬರೂ ಒಂದೇ ಪಕ್ಷದವರು, ಆದರೂ ಚೆಂಡನ್ನು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಹಾಕಿದರು. ಇದರ ಮೇಲೆ ಇನ್ನೊಂದು. 2012ರ ಅಕ್ಟೋಬರಿನಲ್ಲಿ ದೆಹಲಿ ಪೊಲೀಸರು ಹಿಡಿದಿದ್ದ ಶಂಕಿತರು ವಿಚಾರಣೆಯಲ್ಲಿ, ನಾವು ಹೈದರಾಬಾದಿನ ದಿಲ್‌ಸುಖ್‌ನಗರ, ಬೇಗಂ ಬಜಾರ್, ಆಬಿಡ್ಸ್ ನೋಡಿಕೊಂಡು ಬಂದಿದ್ದೆವು ಅಂದಿದ್ದರು. ನಾಲ್ಕು ತಿಂಗಳ ಮೊದಲು! ಹೆಸರು ಹಿಡಿದು! ಇದು ಪತ್ರಿಕೆಗಳಲ್ಲಿ ಬಂದಿತ್ತು.

ಅದೂ ನಮ್ಮ ಬಡಾವಣೆಗೆ ಇದು ಹೊಸದೇನಲ್ಲ. 2002ರ ನವೆಂಬರ್ 21ರಂದು ಸಾಯಿಬಾಬಾ ಗುಡಿಯ ಹತ್ತಿರ ಸ್ಕೂಟರಿನಲ್ಲಿಟ್ಟ ಬಾಂಬ್ ಸಿಡಿದು ಇಬ್ಬರು ಸತ್ತಿದ್ದರು. ಅದೂ ಗುರುವಾರವೇ. 2007ರ ಆಗಸ್ಟ್ 25ರಂದು ಲುಂಬಿನಿ ಪಾರ್ಕ್, ಕೋಠಿಯ ಗೋಕುಲ್ ಚಾಟ್‌ನಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಾಗ ಮೂರನೆಯ ಬಾಂಬ್ ಸಿಕ್ಕಿದ್ದು ಎಲ್ಲಿ? ದಿಲ್‌ಸುಖ್‌ನಗರದ ಪಾದಚಾರಿ ಸೇತುವೆಯ ಹತ್ತಿರ. ಸಿಡಿಯಲಿಲ್ಲ, ನಮ್ಮ ಪುಣ್ಯ. ಪುಣ್ಯ ಪದೇ ಪದೇ ಒದಗುವುದಿಲ್ಲ.

ಇನ್ನೊಂದು ಸಣ್ಣ ವಿವರ, ಆದರೆ ನನಗೆ ಬಹಳ ದೊಡ್ಡದು. ಆ ಎರಡು ಸ್ಫೋಟ ಆದದ್ದು ಕೂಗಳತೆಯ ದೂರದಲ್ಲಿ. ಕೇಸು ದಾಖಲಾದದ್ದು ಎರಡು ಠಾಣೆಯಲ್ಲಿ. ಒಂದು ಮಲಕಪೇಟ, ಹೈದರಾಬಾದ್ ಕಮಿಷನರೇಟ್. ಇನ್ನೊಂದು ಸರೂರ್‌ನಗರ, ಆಗಿನ ಸೈಬರಾಬಾದ್ ಕಮಿಷನರೇಟ್. ನಾವು ತರಕಾರಿ ತರಲು ಹೋದಾಗ ದಾಟುವ ರಸ್ತೆಯಲ್ಲಿ ಒಂದು ಗಡಿ ಇತ್ತು, ನಮಗೆ ಗೊತ್ತಿರಲಿಲ್ಲ. ಒಂದು ಮನೆಗೆ ಇಬ್ಬರು ಕಾವಲುಗಾರರಿದ್ದರೆ ಬಾಗಿಲು ಹಾಕುವುದು ಅವನ ಕೆಲಸ ಅಂತ ಇವನು, ಇವನ ಕೆಲಸ ಅಂತ ಅವನು. ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಹೀಗಾಯಿತೇ ಅಂತ ಯಾರಾದರೂ ಕೇಳಬೇಕಿತ್ತಲ್ಲವೇ?

ನಾನು ಕೇಳಿದೆ. ಸ್ಫೋಟದ ಹತ್ತು ದಿನದ ಮೇಲೆ ನಮ್ಮ ಕಾಲೊನಿಯಲ್ಲಿ ಸಭೆ ಇಟ್ಟಿದ್ದರು. ಜವಾಬ್ದಾರಿ ಸ್ಥಾನದಲ್ಲಿದ್ದ ಒಬ್ಬರು ಧೈರ್ಯ ಹೇಳಲು ಬಂದಿದ್ದರು. ನಾನು ಎದ್ದು ನಿಂತು, ನನ್ನ ರಾಯಚೂರು ತೆಲುಗಿನಲ್ಲಿ, 'ನಾಲ್ಕು ತಿಂಗಳ ಹಿಂದೆ ನಮ್ಮ ಏರಿಯಾದ ಹೆಸರು ಬಂದಿತ್ತಲ್ಲ, ಆಮೇಲೆ ಇಲ್ಲಿ ಏನು ಮಾಡಿದಿರಿ' ಎಂದೆ. ಅವರು ನಗುನಗುತ್ತಲೇ, 'ಅಮ್ಮಾ, ಮೀರು ಕೂರ್ಚೋಂಡಿ' ಎಂದರು. ಕೂತುಕೊಳ್ಳಿ ಅಂತ. ಪಕ್ಕದಲ್ಲಿದ್ದವರೊಬ್ಬರು ನನ್ನ ಸೆರಗು ಹಿಡಿದು ಎಳೆದರು. ಕೂತೆ. ಮನೆಗೆ ಬಂದ ಮೇಲೆ ನಮ್ಮವರೂ ಅಂದರು, 'ಮಗ ಬಂದನಲ್ಲ, ಬಿಡು.'

ಇಲ್ಲಿ ಒಂದು ತಮಾಷೆ ಹೇಳಬೇಕು. 2013ರಲ್ಲಿ ನಮ್ಮ ಕಟ್ಟಡದಲ್ಲಿ 'ಸರ್ಕಾರ ನಿದ್ದೆ ಮಾಡುತ್ತಿತ್ತಾ' ಅಂತ ದಿನವೂ ಗುಡುಗುತ್ತಿದ್ದ ಒಂದು ಮನೆಯವರು 2025ರಲ್ಲಿ 'ಸರ್ಕಾರವನ್ನು ಪ್ರಶ್ನಿಸುವುದು ಪಾಪ' ಅನ್ನುತ್ತಾರೆ. 2013ರಲ್ಲಿ 'ಹೆಣದ ಮೇಲೆ ರಾಜಕೀಯ ಮಾಡಬೇಡಿ' ಅನ್ನುತ್ತಿದ್ದ ಎದುರುಮನೆಯವರು ಈಗ ಪಟ್ಟಿ ಮಾಡಿ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಅದೇ, ಕುರ್ಚಿಯಲ್ಲಿ ಕೂತವರು ಬೇರೆ. ನಾನೂ ಇದಕ್ಕೆ ಹೊರತಲ್ಲ. ನನ್ನ ಮತ ಯಾರಿಗೆ ಅಂತ ಇಲ್ಲಿ ಹೇಳುವುದಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆ ಅಳಿಸುವಾಗ ನನ್ನ ಬೆರಳನ್ನು ಆಡಿಸಿದ್ದು ಸಾಂಸ್ಕೃತಿಕ ಕಾಳಜಿ ಒಂದೇ ಆಗಿರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

'ಕೋರ್ಟು ಇದೆಯಲ್ಲ, ತೀರ್ಪು ಬಂತಲ್ಲ' ಅನ್ನಬಹುದು. ಬಂತು. ಎನ್‌ಐಎ ತನಿಖೆ ಮಾಡಿತು. 2016ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ ವಿಧಿಸಿತು. ಈ ವರ್ಷ ಏಪ್ರಿಲ್ 8ರಂದು ತೆಲಂಗಾಣ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹನ್ನೆರಡು ವರ್ಷ. ಇನ್ನೊಬ್ಬ ಆರೋಪಿ ರಿಯಾಜ್ ಭಟ್ಕಳ್ ಕೈಗೆ ಸಿಕ್ಕಿಲ್ಲ. ಆದರೆ ಕೋರ್ಟು ಕೇಳುವ ಪ್ರಶ್ನೆ ಒಂದೇ: ಬಾಂಬ್ ಇಟ್ಟವರು ಯಾರು? ತಡೆಯಬೇಕಾದವರು ಏನು ಮಾಡುತ್ತಿದ್ದರು ಎಂಬುದು ಆ ಕಟ್ಟೆಯ ಪ್ರಶ್ನೆಯೇ ಅಲ್ಲ. ಅದನ್ನು ಸಂಸತ್ತು ಕೇಳಬೇಕು, ಪತ್ರಿಕೆ ಕೇಳಬೇಕು, ಇಲ್ಲದಿದ್ದರೆ ನಾವು ಕೇಳಬೇಕು.

ಶಿಕ್ಷೆಯಾದವರಲ್ಲಿ ಒಬ್ಬ ಯಾಸೀನ್ ಭಟ್ಕಳ್. ಟಿವಿಯಲ್ಲಿ ಆ ಹೆಸರು ಕೇಳಿದಾಗಲೆಲ್ಲ ಕನ್ನಡದವರಾದ ನಮಗೆ ಒಂದು ಮುಳ್ಳು ಚುಚ್ಚುತ್ತದೆ. ಭಟ್ಕಳ ಅಂದರೆ ಉತ್ತರ ಕನ್ನಡದ ಕಡಲು, ಮಲ್ಲಿಗೆ, ಬಿರಿಯಾನಿ, ಹಳೆಯ ಬಸದಿಗಳ ಊರು. ಆ ಊರಿನ ಸಾವಿರಾರು ಸಭ್ಯ ಕುಟುಂಬಗಳು ವಿಳಾಸ ಹೇಳಲು ಹಿಂಜರಿಯುವ ಹಾಗಾಯಿತು. ಹಾಗೆಯೇ 2007ರ ಮೇ ತಿಂಗಳಿನಲ್ಲಿ ಮೆಕ್ಕಾ ಮಸೀದಿಯಲ್ಲಿ ಸ್ಫೋಟವಾದಾಗ ನಮ್ಮ ಹಳೇ ನಗರದ ಎಷ್ಟೋ ಹುಡುಗರನ್ನು ಹಿಡಿದು ಜೈಲಿಗೆ ಹಾಕಿದರು. ಅವರು ಖುಲಾಸೆಯಾದ ಮೇಲೆ ಸರ್ಕಾರವೇ ಪರಿಹಾರ ಕೊಡಲು ಹೊರಟಿತು. ಆ ಸ್ಫೋಟದ ಮೊಕದ್ದಮೆಯಲ್ಲಿ ಆಮೇಲೆ ಬೇರೆ ಐವರ ಮೇಲೆ ವಿಚಾರಣೆ ನಡೆದು 2018ರಲ್ಲಿ ಅವರೂ ಖುಲಾಸೆಯಾದರು. ಸತ್ತವರ ಮನೆಯವರಿಗೆ ಉತ್ತರ ಸಿಗಲಿಲ್ಲ, ಸುಮ್ಮನೆ ಜೈಲು ಕಂಡವರಿಗೆ ವಯಸ್ಸು ವಾಪಸ್ ಸಿಗಲಿಲ್ಲ. ತಪ್ಪಿತಸ್ಥರಲ್ಲದವರನ್ನು ಹಿಡಿದು ಕೂಡಿಸಿದಷ್ಟು ಹೊತ್ತು ತಪ್ಪಿತಸ್ಥ ಹೊರಗೆ ಇರುತ್ತಾನೆ. ಆ ತಾಯಂದಿರು ಜೈಲಿನ ಗೇಟಿನಲ್ಲಿ ನಿಂತು ಕೇಳಿದ್ದೂ ಭದ್ರತೆಯ ಪ್ರಶ್ನೆಯೇ ಅಂತ ನನಗೆ ಅರ್ಥವಾದದ್ದು ತಡವಾಗಿ.

ಸ್ವಲ್ಪ ಹಿಂದೆ ಹೋಗೋಣ. 1962ರ ಚೀನಾ ಯುದ್ಧದಲ್ಲಿ ರಕ್ಷಣಾ ನಿಧಿಗೆ ದೇಶದ ಹೆಂಗಸರು ಚಿನ್ನ ಬಿಚ್ಚಿಕೊಟ್ಟರು. ನಮ್ಮಮ್ಮ ಒಂದು ಜೊತೆ ಬಳೆ ಕೊಟ್ಟಿದ್ದಳು, ತವರಿನವರು ಹಾಕಿದ್ದು. (ಹೈದರಾಬಾದಿನಲ್ಲಿ ಚಿನ್ನ ಅಂದರೆ ನಿಜಾಮರ ಐದು ಟನ್ ದಾನದ ಕಥೆ ಎಲ್ಲರೂ ಹೇಳುತ್ತಾರೆ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಹೊರಬಂದದ್ದು ಬೇರೆ: 1965ರಲ್ಲಿ 425 ಕಿಲೋ, ಅದೂ ದಾನವಲ್ಲ, ಬಡ್ಡಿ ಬರುವ ಚಿನ್ನದ ಬಾಂಡು. ನಮ್ಮಮ್ಮನ ಬಳೆಗೆ ಬಡ್ಡಿ ಇರಲಿಲ್ಲ.) ಯುದ್ಧ ಸೋತೆವು. ಯಾಕೆ ಸೋತೆವು ಅಂತ ಇಬ್ಬರು ಸೇನಾಧಿಕಾರಿಗಳು, ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್, 1963ರಲ್ಲಿ ವರದಿ ಕೊಟ್ಟರು. ಆ ವರದಿಯನ್ನು ಯಾವ ಸರ್ಕಾರವೂ ಇವತ್ತಿನ ತನಕ ಬಿಡುಗಡೆ ಮಾಡಿಲ್ಲ. ಪತ್ರಕರ್ತ ಕುಲದೀಪ್ ನಯ್ಯರ್ ಮಾಹಿತಿ ಹಕ್ಕಿನಲ್ಲಿ ಕೇಳಿದರು, 2010ರಲ್ಲಿ ಆಯೋಗ ಇಲ್ಲ ಎಂದಿತು. 2014ರಲ್ಲಿ ವಿದೇಶಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ತನ್ನ ಹತ್ತಿರ ಇದ್ದ ಭಾಗವನ್ನು ಅಂತರ್ಜಾಲಕ್ಕೆ ಹಾಕಿದರು. ಬಳೆ ಕೊಟ್ಟ ನಮ್ಮಮ್ಮ ಅದನ್ನು ಓದದೆಯೇ ಹೋದಳು. ಅವಳಿಗೆ ಓದಲು ಬರುತ್ತಿತ್ತು, ಹೇಳಿಬಿಡುತ್ತೇನೆ. ಕನ್ನಡವೂ, ಉರ್ದುವೂ.

ಆದರೆ ಅದೇ 1962ರ ಬಗ್ಗೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯ. ಯುದ್ಧ ನಡೆಯುತ್ತಿರುವಾಗಲೇ, ಸಂಸತ್ತು ಸೇರಿಸಿ ಎಂದು ಆಗ ಇನ್ನೂ ಯುವಕರಾಗಿದ್ದ ವಾಜಪೇಯಿ ಕೇಳಿದರು. ನೆಹರೂ ಒಪ್ಪಿದರು, ನವೆಂಬರ್ 8ರಿಂದ ಅಧಿವೇಶನ ನಡೆಯಿತು. ಸ್ವಪಕ್ಷದವರೇ ಟೀಕಿಸಿದರು, ರಕ್ಷಣಾ ಸಚಿವ ಕೃಷ್ಣ ಮೆನನ್ ಹೋಗಬೇಕಾಯಿತು. ಇದೇ ಮೆನನ್ ಜೊತೆ ಮನಸ್ತಾಪವಾಗಿ 1959ರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ನೆಹರೂ ಮನವೊಲಿಸಿ ವಾಪಸ್ ತೆಗೆಸಿ, ಸಂಸತ್ತಿನಲ್ಲಿ ತಿಮ್ಮಯ್ಯನವರದೇ ತಪ್ಪು ಎಂಬಂತೆ ಮಾತಾಡಿದರು. ಅವತ್ತು ಅವರ ಮಾತು ಕಿವಿಗೆ ಹಾಕಿಕೊಂಡಿದ್ದರೆ ಏನಾಗುತ್ತಿತ್ತೋ, ಇತಿಹಾಸದಲ್ಲಿ 'ರೆ' ಪ್ರತ್ಯಯಕ್ಕೆ ಬೆಲೆ ಇಲ್ಲ ಅಂತ ಮಕ್ಕಳಿಗೆ ಹೇಳುತ್ತಿದ್ದೆ.

1999ರ ಕಾರ್ಗಿಲ್ ಆಮೇಲೆ ಸ್ವಲ್ಪ ಬೇರೆ ನಡೆಯಿತು. ವಾಜಪೇಯಿ ಸರ್ಕಾರ ಜುಲೈ 29ರಂದೇ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಸಮಿತಿ ಮಾಡಿತು, 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ಕೆಲವು ಭಾಗ ಗುಟ್ಟಾಗಿಟ್ಟರು, ಇರಲಿ, ಉಳಿದದ್ದಾದರೂ ಜನ ಓದಿದರು. ಗುಪ್ತಚರ ವ್ಯವಸ್ಥೆಯಲ್ಲಿ ಎಲ್ಲಿ ತೂತು ಇತ್ತು ಅಂತ ಬರೆದರು. ಅದರಿಂದ ಸೈನಿಕರ ಮನೋಬಲ ಕುಸಿಯಿತೇ? ಇಲ್ಲವಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಹೆಂಗಸಿನ ಕಥೆಗೆ ಬರುತ್ತೇನೆ. ಓಬವ್ವನ ಬದಲಿಗೆ ಇವರು.

2008ರ ನವೆಂಬರ್ 26, ಮುಂಬಯಿ. ಆ ರಾತ್ರಿ ಕಾಮಾ ಆಸ್ಪತ್ರೆಯ ಪಕ್ಕದ ಓಣಿಯಲ್ಲಿ ಮೂವರು ಪೊಲೀಸ್ ಅಧಿಕಾರಿಗಳು ಒಟ್ಟಿಗೆ ಗುಂಡಿಗೆ ಬಲಿಯಾದರು: ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್. ದೇಶ ಅವರಿಗೆ ಅಶೋಕ ಚಕ್ರ ಕೊಟ್ಟಿತು. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಬಿಳಿ ಸೀರೆಯುಟ್ಟ ಹೆಂಡತಿ ಪದಕ ತಗೊಳ್ಳುತ್ತಾಳೆ, ನಾವು ಕಣ್ಣೊರೆಸಿಕೊಳ್ಳುತ್ತೇವೆ. ಕಾಮ್ಟೆಯವರ ಹೆಂಡತಿ ವಿನೀತಾ ಪದಕ ತಗೊಂಡು ಸುಮ್ಮನಿರಲಿಲ್ಲ. ನನ್ನ ಗಂಡ ಆ ಓಣಿಗೆ ಯಾಕೆ ಹೋದರು, ಯಾರು ಕಳಿಸಿದರು, ನೆರವು ಕೇಳಿದಾಗ ಬಂತೇ, ಎಂದು ಕೇಳಿದರು. ಇಲಾಖೆಯಿಂದ ಸರಿಯಾದ ಉತ್ತರ ಬರಲಿಲ್ಲ. ಆಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ರಾತ್ರಿಯ ನಿಯಂತ್ರಣ ಕೊಠಡಿಯ ಕರೆಗಳ ದಾಖಲೆ ತರಿಸಿಕೊಂಡರು. ಎಷ್ಟು ಹೊತ್ತಿಗೆ ಯಾರು ಏನು ಕೇಳಿದರು, ಯಾರು ಏನು ಹೇಳಿದರು, ಎಲ್ಲ ಅದರಲ್ಲಿತ್ತು. ಹೆಚ್ಚಿನ ಪಡೆ ಕಳಿಸಿ ಎಂದು ಕೇಳಿದ್ದು, ಗುಂಡು ತಗುಲಿದ ಅಧಿಕಾರಿಗಳು ನೆರವಿಲ್ಲದೆ ರಸ್ತೆಯಲ್ಲೇ ಬಿದ್ದಿದ್ದದ್ದು, ಇದನ್ನೆಲ್ಲ ಸೇರಿಸಿ 2009ರಲ್ಲಿ 'ಟು ದಿ ಲಾಸ್ಟ್ ಬುಲೆಟ್' ಎಂಬ ಪುಸ್ತಕ ತಂದರು. ಅಧಿಕಾರಿಗಳು ಅವರ ಮಾತನ್ನು ಒಪ್ಪಲಿಲ್ಲ, ವಾದ ವಿವಾದ ಆಯಿತು. ಆಗಲಿ. ಗಂಡನ ಫೋಟೋಗೆ ಹಾರ ಹಾಕಿ, ಅದೇ ಕೈಯಲ್ಲಿ ಅರ್ಜಿ ಬರೆದ ಹೆಂಗಸನ್ನು ದೇಶಭಕ್ತೆ ಅಲ್ಲ ಅನ್ನುವ ಧೈರ್ಯ ಯಾರಿಗಿದೆ?

ಅದೇ ವಾರ ಬೆಂಗಳೂರಿನ ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ತಂದೆ, ಸಾಂತ್ವನ ಹೇಳಲು ಬಂದ ಕೇರಳ ಮುಖ್ಯಮಂತ್ರಿಯನ್ನು ಮನೆಯೊಳಗೆ ಬಿಡಲಿಲ್ಲ. ಡಿಸೆಂಬರ್ 3ರಂದು ಮುಂಬಯಿಯ ಗೇಟ್‌ವೇ ಹತ್ತಿರ ಸಾವಿರಾರು ಜನ ಮೇಣದ ಬತ್ತಿ ಹಿಡಿದು ರಾಜಕಾರಣಿಗಳ ಮೇಲೆ ಸಿಟ್ಟು ತೋಡಿಕೊಂಡರು. ಕೇಂದ್ರ ಗೃಹ ಸಚಿವರು, ಮಹಾರಾಷ್ಟ್ರದ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಎಲ್ಲರೂ ಕೆಳಗಿಳಿದರು. ತಿಂಗಳೊಪ್ಪತ್ತಿನಲ್ಲಿ, ಡಿಸೆಂಬರ್ 31ಕ್ಕೆ ಎನ್‌ಐಎ ಕಾಯ್ದೆ ಜಾರಿಗೆ ಬಂತು. ನಮ್ಮ ದಿಲ್‌ಸುಖ್‌ನಗರದ ಕೇಸನ್ನು ಕೊನೆ ಮುಟ್ಟಿಸಿದ್ದು ಯಾರು ಅಂದೆ? ಅದೇ ಎನ್‌ಐಎ. ಮುಂಬಯಿಯ ಜನ ಅವತ್ತು 'ಇದು ಸಮಯವಲ್ಲ' ಅಂತ ಮನೆಯಲ್ಲಿ ಕೂತಿದ್ದರೆ ನಮ್ಮ ಬಸ್ ಸ್ಟಾಪಿನ ಕೇಸು ಮಲಕಪೇಟ, ಸರೂರ್‌ನಗರಗಳ ನಡುವೆ ಇನ್ನೂ ಓಡಾಡುತ್ತಿತ್ತೇನೋ.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಇನ್ನೊಂದು ಗೊತ್ತಿರಬಹುದು. 2001ರ ಸೆಪ್ಟೆಂಬರ್ 11ರಂದು ಗಂಡಂದಿರನ್ನು ಕಳಕೊಂಡ ನ್ಯೂಜರ್ಸಿಯ ನಾಲ್ವರು ಗೃಹಿಣಿಯರು, ಸ್ವತಂತ್ರ ತನಿಖೆ ಆಗಲೇಬೇಕು ಅಂತ ವಾಷಿಂಗ್ಟನ್ನಿಗೆ ಓಡಾಡಿದರು. ಸರ್ಕಾರ ಮೊದಲು ಬೇಡ ಎಂದಿತು. 2002ರ ನವೆಂಬರಿನಲ್ಲಿ ಆಯೋಗ ಆಯಿತು, 2004ರಲ್ಲಿ ವರದಿ ಪುಸ್ತಕವಾಗಿ ಅಂಗಡಿಗೇ ಬಂತು. ದಾಳಿಗೆ ಒಂದು ತಿಂಗಳ ಮೊದಲು ಅಧ್ಯಕ್ಷರ ಮೇಜಿಗೆ, ಬಿನ್ ಲಾಡೆನ್ ಅಮೆರಿಕದೊಳಗೇ ದಾಳಿ ಮಾಡಲು ಹೊರಟಿದ್ದಾನೆ ಎಂಬ ಟಿಪ್ಪಣಿ ಹೋಗಿತ್ತು ಅಂತ ಜನಕ್ಕೆ ಖಚಿತವಾಗಿ ಗೊತ್ತಾದದ್ದು ಆ ವಿಚಾರಣೆಯಿಂದ. ಆ ಹೆಂಗಸರನ್ನೂ ಅಲ್ಲಿನ ಕೆಲವರು ಬಾಯಿಗೆ ಬಂದಂತೆ ಬೈದರು. ಊರು ಯಾವುದಾದರೇನು.

ನಮ್ಮಲ್ಲಿ ಈ ಏಪ್ರಿಲ್ 22ರಂದು ಬೈಸರನ್‌ನಲ್ಲಿ 26 ಜನ ಸತ್ತರು. ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ನಮ್ಮ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬರು ರಜೆಗೆ ಹೋದವರು ಹೆಂಡತಿ ಮಕ್ಕಳ ಎದುರಿಗೇ ಸತ್ತರು. ಸೂರತ್‌ನಲ್ಲಿ ಗಂಡನ ಶವದ ಪಕ್ಕ ನಿಂತ ಹೆಂಗಸೊಬ್ಬರು ಕೇಂದ್ರ ಸಚಿವರ ಮುಖಕ್ಕೇ ಕೇಳಿದರು: ನಿಮ್ಮ ಹಿಂದೆ ಇಷ್ಟು ಗಾಡಿ, ಇಷ್ಟು ಕಾವಲು, ತೆರಿಗೆ ಕಟ್ಟುವ ನಮ್ಮ ಜೀವಕ್ಕೆ ಬೆಲೆ ಇಲ್ಲವೇ ಎಂಬ ಅರ್ಥದಲ್ಲಿ. ಮದುವೆಯಾಗಿ ಒಂದು ವಾರವೂ ತುಂಬದೆ ನೌಕಾದಳದ ಗಂಡನನ್ನು ಕಳಕೊಂಡ ಇನ್ನೊಬ್ಬ ಹುಡುಗಿ, ನ್ಯಾಯ ಬೇಕು, ಆದರೆ ಇದಕ್ಕಾಗಿ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ ಅಂದಳು. ಅಷ್ಟಕ್ಕೇ ಅವಳ ಮೇಲೆ ಅಂತರ್ಜಾಲದಲ್ಲಿ ಎಂಥ ಕೊಳಕು ಸುರಿದರು ಅಂದರೆ ರಾಷ್ಟ್ರೀಯ ಮಹಿಳಾ ಆಯೋಗವೇ ಅದನ್ನು ಖಂಡಿಸಬೇಕಾಯಿತು. ಅಳುವ ವಿಧವೆ ಎಲ್ಲರಿಗೂ ಬೇಕು, ಮಾತಾಡುವ ವಿಧವೆ ಯಾರಿಗೂ ಬೇಡ.

ಕಳೆದ ತಿಂಗಳು, ಜುಲೈ ಮಧ್ಯದಲ್ಲಿ, ಜಮ್ಮು-ಕಾಶ್ಮೀರದ ಉಪರಾಜ್ಯಪಾಲ ಮನೋಜ್ ಸಿನ್ಹಾ ಅವರೇ ಪತ್ರಿಕೆಗೆ ಹೇಳಿದರು: ಅದು ಭದ್ರತಾ ವೈಫಲ್ಯ, ಅದರ ಪೂರ್ಣ ಹೊಣೆ ನನ್ನದು. ನಾನು ಚಹಾ ಕುಡಿಯುತ್ತ ಓದಿದೆ. ಆ ಹುಡುಗಿ ಮೇ ತಿಂಗಳಿನಲ್ಲಿ ಕೇಳಿದ್ದು ಇದನ್ನೇ. ಉಪರಾಜ್ಯಪಾಲರು ಹೇಳಬಹುದಾದರೆ ನಮ್ಮ ಗುಂಪಿನ ಸದಸ್ಯೆ ಕೇಳಬಾರದೇ? ಚಹಾ ಆರಿಹೋಯಿತು.

ಎಲ್ಲ ಪ್ರಶ್ನೆಯನ್ನೂ ಎಲ್ಲ ಹೊತ್ತಿನಲ್ಲೂ ಕೇಳಬಹುದು ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ತಾಜ್ ಹೋಟೆಲಿನ ಕಾರ್ಯಾಚರಣೆಯನ್ನು ಟಿವಿಗಳು ನೇರ ತೋರಿಸಿ, ಅತ್ತ ಕೂತವನಿಗೆ ನಮ್ಮ ಕಮಾಂಡೊಗಳು ಎಲ್ಲಿದ್ದಾರೆ ಅಂತ ಗೊತ್ತಾಗುವ ಹಾಗೆ ಮಾಡಿದವು. ಸುಪ್ರೀಂ ಕೋರ್ಟ್ ಕಸಬ್ ತೀರ್ಪಿನಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಪಡೆ ಎಲ್ಲಿದೆ, ನಾಳೆ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಬೇಡ, ನಮ್ಮ ಗುಂಪಿಗೂ ಬೇಡ. ನಿನ್ನೆ ಕಾವಲು ಯಾಕಿರಲಿಲ್ಲ ಎಂಬುದು ಬೇರೆ ಪ್ರಶ್ನೆ. ಶತ್ರುವಿಗೆ ಅದು ಆಗಲೇ ಗೊತ್ತು, ಗೊತ್ತಿದ್ದಕ್ಕೇ ಬಂದ. ಗೊತ್ತಿಲ್ಲದೆ ಉಳಿದವರು ನಾವು. ಇನ್ನು ಕಾನೂನಿನ ಭಯ ಇರುವವರಿಗೆ: ಸರ್ಕಾರವನ್ನು ಟೀಕಿಸುವುದು, ಹಿಂಸೆಗೆ ಪ್ರಚೋದಿಸದಿದ್ದರೆ, ರಾಜದ್ರೋಹವಲ್ಲ ಅಂತ ಸುಪ್ರೀಂ ಕೋರ್ಟ್ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಚೀನಾ ಯುದ್ಧದ ಅದೇ 1962ರಲ್ಲಿ.

ನಾನು ಆ ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. 'ಬಿಡಿ ಆಂಟಿ' ಅಂದಳು. ಈ ಬಿಡಿ ಅನ್ನುವ ಮಾತು ನನಗೆ ಚೆನ್ನಾಗಿ ಗೊತ್ತು, ನಾನೂ 2013ರಲ್ಲಿ ಬಿಟ್ಟವಳೇ. ಹಾಗಾಗಿ ಬಿಡಲಿಲ್ಲ. ಮನೆಗೆ ಕರೆದೆ. ಕಾಫಿ ಕುಡಿಯುತ್ತ ಕೂತು, ದೆಹಲಿ ಕಾಶ್ಮೀರ ಆಮೇಲೆ, ಮೊದಲು ನಮ್ಮ ರಸ್ತೆ ನೋಡೋಣ ಅಂದುಕೊಂಡೆವು. 2013ರ ಸ್ಫೋಟದ ದಿನಗಳಲ್ಲಿ ಇಲ್ಲಿನ ಕ್ಯಾಮೆರಾಗಳು ಕೆಲಸ ಮಾಡುತ್ತಿದ್ದವೋ ಇಲ್ಲವೋ ಅಂತ ದಿನಗಟ್ಟಲೆ ವಾದ ನಡೆದಿತ್ತು, ನೆನಪಿದೆಯಾ? ಅದೇ ವರ್ಷ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಬಂತು, ಜನ ಸೇರುವ ಅಂಗಡಿ ಮುಂಗಟ್ಟು, ಆಸ್ಪತ್ರೆ, ಗುಡಿಗಳು ಕ್ಯಾಮೆರಾ ಹಾಕಲೇಬೇಕು ಅಂತ. ಹಾಕಿದರು. ನಮ್ಮ ಬೀದಿಯ ಕಂಬದಲ್ಲೂ ಒಂದಿದೆ, ಅದರ ಮೇಲೆ ಪಾರಿವಾಳ ಗೂಡು ಕಟ್ಟಿದೆ. ಅದು ನೋಡುತ್ತಿದೆಯೋ ಸುಮ್ಮನೆ ಕೂತಿದೆಯೋ ಪಾರಿವಾಳಕ್ಕೇ ಗೊತ್ತು.

ಐಬಿ, ಎನ್‌ಐಎಯಂಥ ಸಂಸ್ಥೆಗಳಿಗೆ ಮಾಹಿತಿ ಹಕ್ಕಿನಿಂದ ವಿನಾಯಿತಿ ಇದೆ, 24ನೇ ಸೆಕ್ಷನ್. ಅಲ್ಲಿಗೆ ಬರೆದು ಪ್ರಯೋಜನ ಕಡಿಮೆ. ಆದರೆ ಚೈತನ್ಯಪುರಿಯಿಂದ ಮೂಸಾರಾಂಬಾಗ್ ತನಕ ಎಷ್ಟು ಕ್ಯಾಮೆರಾ ಹಾಕಿದ್ದೀರಿ, ಇವತ್ತಿನ ದಿನ ಎಷ್ಟು ಕೆಲಸ ಮಾಡುತ್ತಿವೆ, ಕೆಟ್ಟದ್ದನ್ನು ಎಷ್ಟು ದಿನದಲ್ಲಿ ರಿಪೇರಿ ಮಾಡುತ್ತೀರಿ, ಎರಡು ಕಮಿಷನರೇಟ್ ಸೇರುವ ಕಡೆ ಯಾರ ಹೊಣೆ, ಎಂದು ಪೊಲೀಸರನ್ನು ಕೇಳಬಹುದು. ಆ ಹುಡುಗಿ ಇಂಗ್ಲಿಷಿನಲ್ಲಿ ಒಂದು, ತೆಲುಗಿನಲ್ಲಿ ಒಂದು ಅರ್ಜಿ ಸಿದ್ಧ ಮಾಡಿದ್ದಾಳೆ. ತೆಲುಗು ನನಗಿಂತ ಚೆನ್ನಾಗಿದೆ.

ಸಂಘದ ಹೆಸರಿನಲ್ಲಿ ಹಾಕೋಣ ಅಂತ ನಾನಂದೆ. ಹಾಗಾಗುವುದಿಲ್ಲವಂತೆ ಆಂಟಿ, ಕಾಯ್ದೆಯಲ್ಲಿ ಹಕ್ಕು ಇರುವುದು ನಾಗರಿಕರಿಗೆ, ಸಂಘಕ್ಕಲ್ಲ, ಒಬ್ಬೊಬ್ಬರೇ ಸ್ವಂತ ಹೆಸರಲ್ಲಿ ಹಾಕಬೇಕು ಅಂದಳು. ಅಂದರೆ ಗುಂಪಿನ ಹಿಂದೆ ಬಚ್ಚಿಟ್ಟುಕೊಳ್ಳಲು ಬರುವುದಿಲ್ಲ. ಮೊದಲನೆಯದಕ್ಕೆ ನಿನ್ನೆ ನಾನು ಸಹಿ ಹಾಕಿದೆ. ನಮ್ಮವರು ಪಕ್ಕದಲ್ಲಿ ನಿಂತು ನೋಡಿ, ಪೆನ್ನು ಸರಿಯಾಗಿ ಬರೆಯುತ್ತಿಲ್ಲ ಅಂತ ಬೇರೆ ಪೆನ್ನು ತಂದುಕೊಟ್ಟರು.

ಇನ್ನೂ ಇಪ್ಪತ್ತು ಪ್ರತಿ ಮಾಡಿಸಿದ್ದೇವೆ. ಬಾಗಿಲ ಹತ್ತಿರದ ಮೇಜಿನ ಮೇಲೆ, ಕೋಸಂಬರಿ ಪಾತ್ರೆಯ ಬಲಗಡೆ ಇದೆ. ಶುಲ್ಕ 10 ರೂಪಾಯಿ. ಹಾಕಲೇಬೇಕೆಂದು ಒತ್ತಾಯವಿಲ್ಲ, ಓದಿ ನೋಡಿ. ಮೇ ತಿಂಗಳಿನಲ್ಲಿ ನಾನು ಅಳಿಸಿದ ಆ ನಾಲ್ಕು ಸಾಲನ್ನು ಇವತ್ತು ಬೆಳಿಗ್ಗೆ ಅವಳ ಒಪ್ಪಿಗೆ ಪಡೆದು ಗುಂಪಿಗೆ ಮತ್ತೆ ಹಾಕಿದ್ದೇನೆ, ನನ್ನ ಹೆಸರಿನಲ್ಲಿ. ನಾನು ಇಲ್ಲಿಗೆ ಬರುವ ಹೊತ್ತಿಗೆ ಹದಿನೇಳು ಉತ್ತರ ಬಂದಿದ್ದವು, ಇನ್ನೂ ಓದಿಲ್ಲ.